ಗುಡ್ಡದ ಮೇಲೆ ಕರೆದ ಹೆಸರು

ಈ ಗುಡ್ಡದ ಸಂಗತಿ ನಡೆದಾಗ ನನಗೆ ಅರವತ್ತೇಳು ವರ್ಷ. ಅದಾಗಿ ಈಗ ಏಳು ವರ್ಷವಾಯಿತು. ಆ ವಯಸ್ಸಿನವರೆಗೆ ನಾನು ಬಾಯಿಬಿಟ್ಟು ಹೇಳದೇ ಇದ್ದ ಹೆಸರು ಒಂದೇ ಒಂದು, ನನ್ನ ಗಂಡನದು. ಉಳಿದಂತೆ ನನ್ನ ಬಾಯಿಗೆ ಅಗಳಿ ಇಲ್ಲವೆಂದು ನಮ್ಮ ಊರಿಗೆಲ್ಲ ಗೊತ್ತು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ತವರಿನಲ್ಲಿ ಕಲಿಸಿ ಕಳಿಸಿದ್ದರು. ನಾನು ಹೇಳಲಿಲ್ಲ. ಆದರೂ ನಮ್ಮ ಮನೆಯವರು ನಲವತ್ತು ತುಂಬುವ ಮೊದಲೇ ಜ್ವರ ಬಂದು ಹೋದರು. ಹಾಗಾದರೆ ಹೇಳಿದ್ದರೂ ನಡೆಯುತ್ತಿತ್ತಲ್ಲ ಎಂದು ನೀವು ಅನ್ನಬಹುದು. ನನಗೂ ಹಾಗೇ ಅನ್ನಿಸಿತು. ಆದರೆ ಅಷ್ಟರಲ್ಲಿ ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ನಮ್ಮ ಕಡೆ ಮದುವೆಯಲ್ಲಿ ಹೊಸ ಹೆಂಡತಿಯ ಬಾಯಿಂದ ಒಡಪು, ಅಂದರೆ ಪ್ರಾಸದ ಎರಡು ಸಾಲು, ಕಟ್ಟಿಸಿ ಗಂಡನ ಹೆಸರು ಹೇಳಿಸುತ್ತಾರೆ, ಅದಕ್ಕೆ ಮಾತ್ರ ಪರವಾನಗಿ ಉಂಟು. ನನ್ನ ಸರದಿ ಬಂದಾಗ ನಾನು ಒಡಪು ಮರೆತು ಕಂಬದಂತೆ ನಿಂತೆ. ನಾದಿನಿಗೆ ಹಸಿವಾಗಿತ್ತು. ನನ್ನ ಪರವಾಗಿ ತಾನೇ ಹೇಳಿ ಮುಗಿಸಿ ಊಟಕ್ಕೆ ಎಬ್ಬಿಸಿದಳು. ಇದ್ದ ಒಂದು ಅವಕಾಶವೂ ಹಾಗೆ ಹೋಯಿತು.

ಇದರಿಂದ ಆದ ಫಜೀತಿ ಒಂದೆರಡಲ್ಲ. ಒಮ್ಮೆ ಗದಗಿನ ಸಂತೆಗೆ ಇಬ್ಬರೂ ಹೋಗಿದ್ದೆವು. ನಮ್ಮ ಮನೆಯವರಿಗೆ ಮುಂದೆ ನಡೆಯುವ ಚಟ. ಹಿಂದೆ ಹೆಂಡತಿ ಬರುತ್ತಿದ್ದಾಳೋ ಎಮ್ಮೆ ಬರುತ್ತಿದೆಯೋ ತಿರುಗಿ ನೋಡಿದವರಲ್ಲ. ನಾನು ಮೆಣಸಿನಕಾಯಿ ಆರಿಸಿ ತಲೆ ಎತ್ತುವಷ್ಟರಲ್ಲಿ ಬಿಳಿ ಧೋತರ, ಬಿಳಿ ಟೋಪಿ ದೂರದಲ್ಲಿ ಹೋಗುತ್ತಿತ್ತು. ಕರೆಯುವಂತಿಲ್ಲ. ಚೀಲ ತಲೆಯ ಮೇಲಿಟ್ಟುಕೊಂಡು ಆ ಧೋತರದ ಬೆನ್ನು ಹತ್ತಿದೆ. ಸಂತೆ ದಾಟಿ, ಬಸ್ ನಿಲ್ದಾಣ ದಾಟಿ, ರೈಲ್ವೆ ಗೇಟಿನ ಹತ್ತಿರ ಧೋತರ ನಿಂತು ತಿರುಗಿ, "ಯಾಕವಾ ತಂಗಿ, ಯಾರ ಬೇಕಾಗಿತ್ತು?" ಎಂದು ಕೇಳಿತು. ಮುಖದ ತುಂಬ ಸಿಡುಬಿನ ಕಲೆ. ನಮ್ಮ ಮನೆಯವರಲ್ಲ. ನಾನು ಬೆವರು ಸುರಿಸುತ್ತ ಮನೆ ಮುಟ್ಟಿದಾಗ ನಮ್ಮ ಮನೆಯವರು ಉಂಡು ಮಲಗಿದ್ದರು. "ಎಲ್ಲಿ ಹಾಳಾಗಿ ಹೋಗಿದ್ದಿ?" ಎಂದು ನನ್ನನ್ನೇ ಬೈದರು.

ಅವರು ಹೋದ ಮೇಲೆ ನಾನು ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿದು ಮಗಳು ಶೋಭಾಳನ್ನು ಓದಿಸಿದೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಕಲಿತಳು. ಆಕೆಗೆ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗ ಇಂಜಿನಿಯರು, ಅಬುಧಾಬಿಯಲ್ಲಿ ನೌಕರಿ. ಎಲ್ಲಾ ಸರಿ, ಹೆಸರು ಮಾತ್ರ ನಮ್ಮ ಮನೆಯವರದೇ. ನಮ್ಮ ಕಡೆ ಓಣಿಗೆ ನಾಲ್ಕು ಮಂದಿ ಇರುವ ಹೆಸರು ಅದು. "ಅಯ್ಯ, ಅಳಿಯನ್ನ ನಾ ಕರೀಲಿ ಹೆಂಗ?" ಎಂದೆ. ನಮ್ಮಕ್ಕ, "ಅಳಿಯನ್ನ ಅತ್ತಿ ಯಾಕ ಕರೀಬೇಕ ಬಿಡ" ಎಂದು ಬಾಯಿ ಮುಚ್ಚಿಸಿದಳು. ಅದೂ ಖರೆ. ನಮ್ಮಲ್ಲಿ ಹಳೆಯ ಕಾಲದ ಅತ್ತೆ ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಬಾಗಿಲ ಮರೆಗೆ ನಿಂತು, ಸೆರಗು ಮುಂದೆಳೆದು, ಮಗಳಿಗೋ ಮೊಮ್ಮಕ್ಕಳಿಗೋ ಹೇಳುತ್ತಾಳೆ, ಅವರು ಅಳಿಯನಿಗೆ ಮುಟ್ಟಿಸುತ್ತಾರೆ. ಈಗಿನವರು ಇದನ್ನೆಲ್ಲ ಬಿಟ್ಟಿದ್ದಾರೆ. ನಾನು ಬಿಡಲಿಲ್ಲ. ಭಕ್ತಿಯಿಂದಲ್ಲ, ರೂಢಿಯಿಂದ.

ಹುಡುಗಿ ನೋಡಲು ಬಂದ ದಿನ ಬೀಗತಿ, "ಹುಡುಗಿಗೆ ರೊಟ್ಟಿ ಮಾಡಾಕ ಬರ್ತೈತೇನ್ರೀ?" ಎಂದು ಕೇಳಿದರು. ಎಲ್ಲರೂ ಹೂಂ ಅನ್ನುವ ಜಾಗ ಅದು. ನಾನು, "ಇಲ್ಲರಿ. ರೊಟ್ಟಿ ಬಡಿದ್ರ ದೇಶದ ನಕಾಶಿ ಆಕ್ಕೈತಿ" ಎಂದೆ. ಬೀಗತಿಯ ಮುಖ ಇಳಿಯಿತು. ಹೊರಗೆ ಕುಳಿತ ಹುಡುಗ ಮಾತ್ರ ಗೊಳ್ಳನೆ ನಕ್ಕರು. ಅವತ್ತಿನಿಂದ ಅಳಿಯನಿಗೆ ನನ್ನ ಮಾತಿನ ಮೇಲೆ ಒಂದು ನಂಬಿಕೆ. ನಾನು ಅವರೊಡನೆ ಮಾತೇ ಆಡದಿದ್ದರೂ.

ಮೊಮ್ಮಗಳು ಪಿಂಕಿ ಹುಟ್ಟಿದಾಗ ಬಾಣಂತನಕ್ಕೆಂದು ಅಬುಧಾಬಿಗೆ ಬಂದವಳು ನಾನು, ಅಲ್ಲೇ ಉಳಿದೆ. ಖಲೀಫಾ ಸಿಟಿಯಲ್ಲಿ ಒಬ್ಬ ಅರಬನ ದೊಡ್ಡ ವಿಲ್ಲಾದ ಹಿಂಭಾಗವನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಎರಡು ಕೋಣೆ, ಒಂದು ಹಾಲ್. ಅಡಿಗೆಮನೆ ಹಾಲ್‌ನ ಮೂಲೆಯಲ್ಲೇ, ಬಾಗಿಲೂ ಇಲ್ಲ, ಗೋಡೆಯೂ ಇಲ್ಲ. ಮರೆಗೆ ನಿಲ್ಲಬೇಕೆಂದರೆ ಫ್ರಿಜ್ಜು ಒಂದೇ. ನಾನು ಫ್ರಿಜ್ಜಿನ ಹಿಂದೆ ನಿಂತು, "ಪಿಂಕಿ, ನಿಮ್ಮಪ್ಪಗ ಕೇಳು, ಸಾರು ಬಿಸಿ ಮಾಡ್ಲೇನು?" ಅನ್ನುವುದು, ನಾಲ್ಕು ಹೆಜ್ಜೆ ಆಚೆ ಕುಳಿತ ಅಳಿಯ, "ಪಿಂಕಿ, ಬ್ಯಾಡ ಅಂತ ಹೇಳು" ಅನ್ನುವುದು. ಮಗು ಸಣ್ಣದಿದ್ದಾಗ ಇದನ್ನು ಆಟ ಅಂದುಕೊಂಡಿತ್ತು. ದೊಡ್ಡದಾದ ಮೇಲೆ, "ಅಜ್ಜಿ, ಹಿ ಈಸ್ ರೈಟ್ ದೇರ್! ಐ ಆಮ್ ನಾಟ್ ಯುವರ್ ಟೆಲಿಫೋನ್!" ಎಂದು ಕಣ್ಣು ಕೆಕ್ಕರಿಸಲು ಶುರು ಮಾಡಿತು. ನನಗೆ ಇಂಗ್ಲಿಷ್ ಬರುವುದಿಲ್ಲ. ಟೆಲಿಫೋನ್ ಅನ್ನುವುದು ತಿಳಿಯುತ್ತದೆ.

ಹೀಗೆ ಸಂಸಾರ ನಡೆದಿರಲಾಗಿ ಅಳಿಯನಿಗೆ ಸಕ್ಕರೆ ಕಾಯಿಲೆ ಬಂತು, ಸಕ್ಕರೆ ಕಾಯಿಲೆಯಿಂದ ಸೈಕಲ್ಲು ಬಂತು. ವೈದ್ಯರು ನಡೆಯಲು ಹೇಳಿದರೆ ಇವರು ಸೈಕಲ್ ತಂದರು. ನಮ್ಮ ಊರಿನ ಹಾಲಿನವನ ಸೈಕಲ್ಲಿನಂಥದ್ದಲ್ಲ. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಗಂಟೆಯೂ ಇಲ್ಲ. ಒಂದು ಕೈಯಲ್ಲಿ ಎತ್ತಬಹುದು. ಪ್ರತಿ ಶುಕ್ರವಾರ ಸೂರ್ಯ ಹುಟ್ಟುವ ಮೊದಲೇ ಮೈಗೆ ಅಂಟಿದ ಬಟ್ಟೆ ಹಾಕಿಕೊಂಡು, ಸೈಕಲ್ಲಿನ ಮುಂದಿನ ಗಾಲಿ ಕಳಚಿ ಗಾಡಿಯಲ್ಲಿಟ್ಟುಕೊಂಡು ಹೋಗುವುದು, ಬಿಸಿಲು ಏರುವ ಹೊತ್ತಿಗೆ ಬಂದು ಅಂಗಳದಲ್ಲಿ ಮತ್ತೆ ಗಾಲಿ ಜೋಡಿಸುವುದು. ಆ ಗಾಲಿಯ ನಡುವೆ ಒಂದು ಸಣ್ಣ ಹಿಡಿಕೆ ಇರುತ್ತದೆ, ಬಾಗಿಲ ಚಿಲಕದಂತೆ. ತೆರೆದರೆ ಗಾಲಿ ಕೈಗೆ ಬರುತ್ತದೆ, ಮಡಚಿ ಒತ್ತಿದರೆ ಬಿಗಿಯಾಗುತ್ತದೆ. ಅಳಿಯ ಅದನ್ನು ಅಂಗೈಯಿಂದ ಒತ್ತಿ, ಗಾಲಿ ಗರಗರ ತಿರುಗಿಸಿ, ಮತ್ತೊಮ್ಮೆ ಒತ್ತಿ ನೋಡುವುದನ್ನು ನಾನು ಪ್ರತಿ ಶುಕ್ರವಾರ ಕಿಟಕಿಯಿಂದ ನೋಡುತ್ತಿದ್ದೆ. ಆಮೇಲೆ ಒಂದು ಸುತ್ತು ಹೊಡೆದು ಬರುವರು. ಗೇಟಿನ ಮುಂದೆ ರಸ್ತೆಗೆ ಅಡ್ಡ ಒಂದು ಹಂಪು ಇದೆ, ಗಾಡಿಗಳ ವೇಗ ತಗ್ಗಿಸಲು ಮಾಡಿದ ಉಬ್ಬು. ಅದು ಬಂದಾಗ ಇವರು ಕೈಯಿಂದ ಮುಂದಿನ ಗಾಲಿಯನ್ನು ಮೇಲೆತ್ತಿ, ಕರು ಜಿಗಿದಂತೆ ಜಿಗಿಸುವರು. ನಲವತ್ತೈದು ದಾಟಿದ ಗಂಡಸು. ನೋಡುವವರು ಯಾರೂ ಇಲ್ಲ ಅಂದುಕೊಂಡು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಇವರ ಸೈಕಲ್ ಗೆಳೆಯರ ಗುಂಪಿನಲ್ಲಿ ಮಂಗಳೂರು ಕಡೆಯ ವಾಲ್ಟರ್ ಎಂಬವರಿದ್ದರು, ಒಂದು ಹೋಟೆಲಿನ ಮ್ಯಾನೇಜರು. ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಅಲ್ಲಿಯ ಹಿಮದ ಬೆಟ್ಟಗಳ ಕಣಿವೆದಾರಿಯನ್ನು ಸೈಕಲ್ ಮೇಲೆ ದಾಟೋಣವೆಂದು ಅವರು ಎಲ್ಲರ ತಲೆಯಲ್ಲಿ ಹುಳ ಬಿಟ್ಟರು. ಅಳಿಯ ಫೋನಿನಲ್ಲಿ ಚಿತ್ರ ತೋರಿಸಿದರು, ಪಿಂಕಿಗೆ. ಪಿಂಕಿ ನನಗೆ ತೋರಿಸಿತು. ಕಪ್ಪು ಬೆಟ್ಟ, ತಲೆಯ ಮೇಲೆ ಹಿಮ, ಮೈಮೇಲೆ ರಸ್ತೆ. ಆ ರಸ್ತೆ ಹೇಗಿತ್ತೆಂದರೆ ಒಣಗಲು ಕೋಲಿಗೆ ಹಾಕಿದ ಶಾವಿಗೆ ಗಾಳಿಗೆ ಜಾರಿ ಕೆಳಗೆ ಬಿದ್ದಂತೆ. ಆ ಬದಿ ಕಲ್ಲು, ಈ ಬದಿ ಏನೂ ಇಲ್ಲ. ನಾನು ಚಿತ್ರ ನೋಡಿಯೇ ಗೋಡೆ ಹಿಡಿದುಕೊಂಡೆ.

ಶೋಭಾ ರಂಪ ಮಾಡಿದಳು. ಹಿಂದಿನ ತಿಂಗಳಷ್ಟೇ ಅಳಿಯ ಅಲ್ ವತ್ಬಾದ ಸೈಕಲ್ ದಾರಿಯಲ್ಲಿ ಬಿದ್ದು ಭುಜ ಊದಿಸಿಕೊಂಡು ಬಂದಿದ್ದರು.

"ನಾ ದಿನಾ ಬೆಳಗಾದ್ರ ಮುರಿದ ಎಲುಬಿನ ಫೋಟೋ ತಗೀತೀನ್ರಿ. ನಿಮ್ಮದೂ ತಗೀಬೇಕೇನು?"

"ಬೀಳಾಕ ಹೊಂಟಿಲ್ಲ ಶೋಭಾ, ಹತ್ತಾಕ ಹೊಂಟೀನಿ."

"ಹತ್ತಿದ ಮ್ಯಾಲ ಇಳೀಬೇಕಲ್ರಿ? ನನಗ ಅಂಜಿಕಿ ಇಳಿಯೂದರದು. ಟಿಕೆಟ್ ರದ್ದು ಮಾಡ್ರಿ. ಖಲಾಸ್."

ಅಳಿಯ ಜಗಳ ಮಾಡುವ ಮನುಷ್ಯನಲ್ಲ. ಫ್ರಿಜ್ಜಿನ ಕಡೆ ಮುಖ ಮಾಡಿ, "ಪಿಂಕಿ, ಅಜ್ಜಿಗೆ ಹೇಳು. ಅಲ್ ಐನ್‌ನ ಹಫೀತ್ ಗುಡ್ಡ ಹತ್ತಿ ಇಳೀತೀನಿ. ಅವರು ಗಾಡಿಯೊಳಗ ಹಿಂದ ಬಂದು ನೋಡ್ಲಿ. ಅವರು ಹೋಗ್ಲಿ ಅಂದ್ರ ಹೋಗ್ತೀನಿ. ಬ್ಯಾಡ ಅಂದ್ರ ಸೈಕಲ್ ಮಾರ್ತೀನಿ" ಎಂದರು.

ನಾನು ಕೈಯಲ್ಲಿ ಸೌಟು ಹಿಡಿದು ಫ್ರಿಜ್ಜಿನ ಹಿಂದೆ ನಿಂತಿದ್ದೆ. ಸೈಕಲ್ ಮಾರುತ್ತಾರೆ ಅನ್ನುವ ಮಾತು ಕೇಳಿ ಪಿಂಕಿಯೂ ಬಾಯಿ ತೆರೆಯಿತು. ಶೋಭಾ, "ಆತು. ಅವ್ವ ಸುಳ್ಳ ಹೇಳಾಕಿ ಅಲ್ಲ. ಅವ್ವ ಹೇಳಿದ್ದ ಆಗ್ಲಿ" ಎಂದಳು. ಒಬ್ಬ ಗಂಡಸಿನ ಆಸೆಯನ್ನೂ ಒಬ್ಬ ಹೆಂಗಸಿನ ಅಂಜಿಕೆಯನ್ನೂ ನನ್ನ ಎರಡು ಕೈಗೆ ಕೊಟ್ಟು ಇಬ್ಬರೂ ಹೋಗಿ ಮಲಗಿದರು. ನನಗೆ ಸೈಕಲ್ ವಿಷಯ ಏನು ತಿಳಿದೀತು ಎಂದು ಯಾರೂ ಕೇಳಲಿಲ್ಲ.

ಏಪ್ರಿಲ್ ತಿಂಗಳ ಒಂದು ಶುಕ್ರವಾರ ಹೊರಟೆವು. ಪಿಂಕಿ ಶಾಲೆಯ ಏನೋ ಕೆಲಸಕ್ಕೆಂದು ಹಿಂದಿನ ದಿನವೇ ಖಾಲಿದಿಯಾದ ಗೆಳತಿಯ ಮನೆಗೆ ಹೋಗಿತ್ತು. ಶನಿವಾರ ಮಧ್ಯಾಹ್ನ ಬರುವುದು. ಅಂದರೆ ನಮ್ಮ ಟೆಲಿಫೋನು ಊರಲ್ಲಿಲ್ಲ. ದಾರಿಯುದ್ದಕ್ಕೂ ಗಾಡಿಯಲ್ಲಿ ಮಾತಿಲ್ಲ. ಮರಳು, ಖರ್ಜೂರದ ಗಿಡ, ಮತ್ತೆ ಮರಳು. ಹಫೀತ್ ಗುಡ್ಡ ದೂರದಿಂದಲೇ ಕಾಣುತ್ತದೆ, ಬಯಲಿನಲ್ಲಿ ಯಾರೋ ಒಂಟೆ ಮಲಗಿಸಿದಂತೆ. ಒಂದು ಗಿಡವಿಲ್ಲ, ಒಂದು ಹುಲ್ಲಿಲ್ಲ, ಬರೀ ಎಲುಬು. ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟಗಳ ಮುಂದೆ ಇದು ಕೂಸಂತೆ. ಕೂಸೇ ಇಷ್ಟಿದ್ದರೆ ತಾಯಿ ಹೇಗಿದ್ದೀತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಬುಡದಲ್ಲಿ ಅಳಿಯ ಗಾಲಿ ಜೋಡಿಸಿ, ಚಿಲಕ ಒತ್ತಿ, ತಿರುಗಿಸಿ, ಮತ್ತೆ ಒತ್ತಿ ನೋಡಿ ಹತ್ತಲು ಶುರು ಮಾಡಿದರು. ಶೋಭಾ ಗಾಡಿಯ ದೀಪ ಮಿಣುಕಿಸುತ್ತ ಹಿಂದೆ. ನಾನು ಆಕೆಯ ಪಕ್ಕದಲ್ಲಿ, ಎದುರಿನ ಗಾಜಿನಲ್ಲಿ ಅಳಿಯನ ಬೆನ್ನು ನೋಡುತ್ತ. ಅತ್ತೆಯಾದವಳು ಅಳಿಯನ ಬೆನ್ನನ್ನು, ಅದೂ ಆ ಬಟ್ಟೆಯಲ್ಲಿ, ಅಷ್ಟು ಹೊತ್ತು ನೋಡಿದ್ದು ನಮ್ಮ ಕುಲದಲ್ಲೇ ಮೊದಲಿರಬೇಕು. ತಿರುವಿನ ಮೇಲೆ ತಿರುವು. ಪ್ರತಿ ತಿರುವಿನಲ್ಲಿ ಊರು ಇನ್ನಷ್ಟು ಕೆಳಗಿಳಿಯುತ್ತಿತ್ತು. ಗಾಳಿ ಬೀಸಿದಾಗ ಸೈಕಲ್ಲು ಬದಿಗೆ ಸರಿಯುವುದು, ಶೋಭಾ, "ಯವ್ವಾ" ಅನ್ನುವುದು. ಅಳಿಯ ಮಾತ್ರ ಒಂದೇ ಲೆಕ್ಕದಲ್ಲಿ ತುಳಿಯುತ್ತಿದ್ದರು, ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸಿನಂತೆ, ಅವಸರವಿಲ್ಲದೆ, ನಿಲ್ಲದೆ. ಬಾಯಿ ತೆರೆದು ಉಸಿರಾಡುತ್ತಿದ್ದುದು ಕಾಣುತ್ತಿತ್ತು, ಆದರೆ ಒಮ್ಮೆಯೂ ಇಳಿಯಲಿಲ್ಲ. ಹತ್ತುವುದರಲ್ಲಿ ತಪ್ಪು ಹುಡುಕಲು ನನಗೆ ಏನೂ ಸಿಗಲಿಲ್ಲ. ಹುಡುಕಿದ್ದೆ ಅನ್ನುವುದು ಖರೆ.

ತುದಿಯಲ್ಲಿ ಗಾಡಿ ನಿಲ್ಲಿಸಲು ದೊಡ್ಡ ಬಯಲು ಮಾಡಿದ್ದಾರೆ. ಅಲ್ಲಿ ಮುಟ್ಟಿದ್ದೇ ಶೋಭಾ ಬಾಗಿಲು ತೆಗೆದು ಹೊರಗೆ ಬಗ್ಗಿ ವಾಂತಿ ಮಾಡಿಕೊಂಡಳು. ಗಾಡಿ ನಡೆಸುವವರಿಗೆ ವಾಂತಿ ಬರುವುದಿಲ್ಲ ಅನ್ನುತ್ತಾರೆ. ಅಂಜಿಕೆಗೆ ಬರುತ್ತದೆ. ಆಕೆ ಬೆಳಗಿನಿಂದ ಏನೂ ತಿಂದಿರಲೂ ಇಲ್ಲ. ಅಳಿಯ ಓಡಿ ಬಂದು ಬೆನ್ನು ತಟ್ಟಿದರು, ನೀರು ಕೊಟ್ಟರು. "ಸಾಕು ಬಿಡು. ಸೈಕಲ್ ಗಾಡಿಯೊಳಗ ಹಾಕ್ತೀನಿ, ಇಳಿಯೂದು ಬ್ಯಾಡ, ನಾನ ಗಾಡಿ ನಡೆಸ್ತೀನಿ" ಎಂದು ಹೇಳಿ, ಸೈಕಲ್ಲನ್ನು ಗಾಡಿಗೆ ಆನಿಸಿ, ಬಗ್ಗಿ ಮುಂದಿನ ಗಾಲಿಯ ಚಿಲಕ ತೆರೆದರು. ಅಷ್ಟರಲ್ಲಿ ಶೋಭಾ ತಲೆ ಎತ್ತಿದಳು.

"ಏನ್ರಿ, ಇಳಿಯೂದಕ್ಕ ನಾ ಅಂಜೂದು ಅಂತ ಗೊತ್ತಿದ್ದೂ ಅದನ್ನ ಬಿಟ್ಟು ಹೊಂಟ್ರಿ? ನಾಳೆ ಅಲ್ಲಿ ಹೋಗಿ ಇಳಿಯೂ ಮುಂದ ಯಾರು ಗಾಡಿ ತರ್ತಾರ? ಇಳೀರಿ. ಅವ್ವ ನೋಡ್ಲಿ. ನಾ ಮಾರಿ ತೊಳ್ಕೊಂಡು ಬಂದು ಹಿಂದ ಬರ್ತೀನಿ."

ಹಾಗೆ ಹೇಳಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಬಯಲಿನ ಆ ತುದಿಯ ಶೌಚಾಲಯಕ್ಕೆ ನಡೆದಳು. ಅಳಿಯ ಆಕೆಯನ್ನೇ ನೋಡುತ್ತ ನಿಂತರು. ಮನಸ್ಸು ಅಲ್ಲಿತ್ತು. ಹೆಲ್ಮೆಟ್ ಬಿಗಿಮಾಡಿಕೊಂಡರು, ಸೈಕಲ್ ಹಿಡಿದರು, ಹತ್ತಿದರು, ಹೊರಟರು. ಸಾವಕಾಶವಾಗಿ, ಆಕೆ ಬರುವವರೆಗೆ ಕಾಯುವಂತೆ, ಬಯಲಿನ ಅಂಚು ಹಿಡಿದು ರಸ್ತೆಯ ಬಾಯಿಯ ಕಡೆಗೆ.

ನಾನು ಕಾಲು ಸಡಿಲಾಗಲಿ ಎಂದು ಗಾಡಿಯಿಂದ ಇಳಿದು ನಿಂತಿದ್ದೆ. ಹೋಗುವ ಸೈಕಲ್ಲನ್ನು ನೋಡಿದೆ. ಗಾಲಿಯ ನಡುವಿನಿಂದ ಚಿಲಕ ಹೊರಗೆ ಚಾಚಿಕೊಂಡಿತ್ತು, ತೆರೆದದ್ದು ತೆರೆದಂತೆಯೇ.

ಮೊದಲು ನನಗೆ ತಿಳಿದದ್ದೇ ಅರ್ಧ. ಆಮೇಲೆ ರಸ್ತೆಯ ಬಾಯಿಯನ್ನು ನೋಡಿದೆ. ಅಲ್ಲಿ ಒಂದು ಹಂಪು, ಹಳದಿ ಬಣ್ಣ ಬಳಿದದ್ದು. ಅದರಾಚೆ ರಸ್ತೆ ಒಮ್ಮೆಲೇ ಕೆಳಗೆ ಬಾಗಿ ಗುಡ್ಡದ ಅಂಚಿಗೆ ತಿರುಗುತ್ತದೆ. ಹಂಪು ಬಂದರೆ ಈ ಮನುಷ್ಯ ಏನು ಮಾಡುತ್ತಾರೆಂದು ನನಗೆ ಗೊತ್ತು. ಕರುವಿನಂತೆ ಮುಂದಿನ ಗಾಲಿ ಮೇಲೆತ್ತುತ್ತಾರೆ. ಸೈಕಲ್ ಮೇಲೆ ಬರುತ್ತದೆ, ಗಾಲಿ ಕೆಳಗೆ ಉಳಿಯುತ್ತದೆ.

"ಶೋಭಾ! ಅವರಿಗೆ ಹೇಳ!" ಎಂದು ಕೂಗಿದೆ. ಶೋಭಾ ಶೌಚಾಲಯದ ಒಳಗೆ ಹೋಗಿಬಿಟ್ಟಿದ್ದಳು. ಓಡಬೇಕೆಂದು ಕಾಲಿಟ್ಟೆ, ಮೊಣಕಾಲು ಒಪ್ಪಲಿಲ್ಲ. "ಏ!" ಅಂದೆ. "ಏ ಇವರ! ಏ ಪಿಂಕಿ ಅಪ್ಪಾ!" ಅಂದೆ. ಗಾಳಿ ಆ ಕಡೆಯಿಂದ ಬೀಸುತ್ತಿತ್ತು, ಮಾತನ್ನು ನನ್ನ ಬಾಯಿಗೇ ತಿರುಗಿ ತುರುಕಿತು. ಬಯಲಿನಲ್ಲಿ ಒಂದು ಅರಬ ಕುಟುಂಬ ಚಾಪೆ ಹಾಸಿಕೊಂಡು ತಿಂಡಿ ತಿನ್ನುತ್ತಿತ್ತು. ಮುದುಕಿಯೊಬ್ಬಳು ಕೈಬೀಸಿ ಕೂಗುವುದನ್ನು ನೋಡಿ ಅವರ ಮಕ್ಕಳಿಗೆ ಖುಷಿಯಾಯಿತು. ನಾನು ಹುರಿದುಂಬಿಸುತ್ತಿದ್ದೇನೆ ಅಂದುಕೊಂಡು ಅವರೂ ಎದ್ದು, "ಯಲ್ಲಾ! ಯಲ್ಲಾ!" ಎಂದು ಚಪ್ಪಾಳೆ ತಟ್ಟತೊಡಗಿದರು. ಚಪ್ಪಾಳೆ ಅಳಿಯನಿಗೆ ಕೇಳಿಸಿತು. ತಿರುಗಲಿಲ್ಲ. ಒಂದು ಕೈ ಬಿಟ್ಟು ಮೇಲೆತ್ತಿ ಬೀಸಿದರು. ಮೆರವಣಿಗೆಯ ಪುಢಾರಿಯಂತೆ. ತುಳಿಯುವುದು ಜೋರಾಯಿತು.

ಹಂಪಿಗೆ ಇನ್ನು ಒಂದು ಅಂಗಳದಷ್ಟು ದೂರ. ಅಳಿಯ ಸೀಟಿನಿಂದ ಎದ್ದು ನಿಂತರು. ಎದ್ದು ನಿಂತರೆಂದರೆ ಎತ್ತುತ್ತಾರೆ.

ಇದನ್ನು ಬರೆಯುವಾಗಲೂ ಕೈ ಹಿಂಜರಿಯುತ್ತದೆ. ಆದರೆ ಕೂಗಿದ್ದು ಕೂಗಿದ್ದೇ.

"ಬಸವರಾಜಾ! ಏ ಬಸವರಾಜಾ! ನಿಲ್ಲೋ!"

ಖಾನಾವಳಿಯಲ್ಲಿ ಒಳಗಿನಿಂದ ಬೀದಿಯವರೆಗೆ ಕೇಳುವಂತೆ ಕೂಗಿ ಬೆಳೆದ ಗಂಟಲು ಇದು. ಅಷ್ಟು ವರ್ಷ ಒಳಗೇ ಕೊಳೆಯುತ್ತ ಬಿದ್ದ ಹೆಸರು ಬಾಟಲಿಯ ಬಿರಡೆ ಹಾರಿದಂತೆ ಹಾರಿತು. ಚಪ್ಪಾಳೆ ನಿಂತಿತು. ಸೈಕಲ್ಲೂ ನಿಂತಿತು. ಬ್ರೇಕು ಕಿರ್ರೆಂದಿತು, ಮುಂದಿನ ಗಾಲಿ ಕುಡುಕನ ತಲೆಯಂತೆ ಆ ಕಡೆ ಈ ಕಡೆ ಅಲ್ಲಾಡಿತು, ಅಳಿಯ ಎರಡೂ ಕಾಲು ನೆಲಕ್ಕೆ ಊರಿದರು. ಹಳದಿ ಬಣ್ಣ ಅವರ ಪಾದದ ಹತ್ತಿರವೇ ಇತ್ತು.

ಅಳಿಯ ತಿರುಗಿ ನೋಡಿದರು. ನನ್ನನ್ನಲ್ಲ. ನನ್ನ ಆಚೆ ಈಚೆ ನೋಡಿದರು, ಗಾಡಿಯ ಹಿಂದೆ ನೋಡಿದರು, ಅರಬರ ಚಾಪೆಯನ್ನೂ ನೋಡಿದರು. ತನ್ನನ್ನು 'ನಿಲ್ಲೋ' ಅಂದವರು ಯಾರೆಂದು ಹುಡುಕುತ್ತಿದ್ದರು. ಈ ಲೋಕದಲ್ಲಿ ಯಾರು ಬೇಕಾದರೂ ಆಗಿರಬಹುದಿತ್ತು, ನಾನೊಬ್ಬಳು ಬಿಟ್ಟು. ನಾನು ಕುಂಟುತ್ತ ಹತ್ತಿರ ಹೋಗುವವರೆಗೂ ಅವರಿಗೆ ಹೊಳೆಯಲಿಲ್ಲ. ಹತ್ತಿರ ಹೋದೆ. ಸೆರಗು ಮುಂದೆಳೆದುಕೊಂಡು, ಬೆರಳಿನಿಂದ ಗಾಲಿ ತೋರಿಸಿದೆ.

ಅಳಿಯ ಬಗ್ಗಿ ನೋಡಿದರು. ಸೈಕಲ್ಲನ್ನು ತುಸು ಎತ್ತಿ ಗಾಲಿ ಹಿಡಿದರು, ಅದು ಪೊರಕೆಯ ಹಿಡಿಯಂತೆ ಸಡಿಲಾಗಿ ಕೈಗೆ ಬಂತು. ಹಂಪಿನಾಚೆಯ ತಿರುವನ್ನು ನೋಡಿದರು. ಆಮೇಲೆ ಅಲ್ಲೇ ರಸ್ತೆಯ ಮೇಲೆ ಕುಳಿತುಬಿಟ್ಟರು. ನಾನು ಪಕ್ಕದಲ್ಲಿ ನಿಂತೆ. ಗಾಳಿ ಬೀಸುತ್ತಿತ್ತು. ಇಬ್ಬರಿಗೂ ಹೇಳುವುದಕ್ಕೆ ಬಹಳ ಇತ್ತು, ನಡುವೆ ಹೇಳುವವರು ಯಾರೂ ಇರಲಿಲ್ಲ.

ಶೋಭಾ ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಅಳಿಯ ಚಿಲಕ ಹಾಕಿ, ಒತ್ತಿ, ತಿರುಗಿಸಿ, ನಾಲ್ಕು ಸಲ ಒತ್ತಿ ನೋಡಿದ್ದರು. ಆಕೆ ದೂರದಿಂದಲೇ, "ಯಾರ ಅದು ಒದರಿದ್ದು? ನನಗ ಸತ್ತ ಅಪ್ಪ ಎದ್ದ ಬಂದನೇನೋ ಅನ್ನಿಸ್ತು" ಅಂದಳು. ಅಳಿಯ ನನ್ನ ಕಡೆ ಒಮ್ಮೆ ನೋಡಿದರು. ಮುಚ್ಚಿಡಿ ಅನ್ನುವ ನೋಟವಲ್ಲ ಅದು, ನಿಮಗೆ ಬಿಟ್ಟಿದ್ದು ಅನ್ನುವ ನೋಟ. ಆಮೇಲೆ ಹಂಪನ್ನು ಸೈಕಲ್ ನೂಕಿಕೊಂಡು ದಾಟಿ, ಆಚೆ ಹತ್ತಿ ಇಳಿಯತೊಡಗಿದರು.

ಗಾಡಿಯಲ್ಲಿ ಕುಳಿತ ಕೂಡಲೇ ನಾನು ಶೋಭಾಳಿಗೆ ಇದ್ದದ್ದು ಇದ್ದಂತೆ ಹೇಳಿದೆ. ನನ್ನನ್ನು ಕರೆತಂದದ್ದೇ ಅದಕ್ಕೆ. "ಹೌದಿಲ್ಲೋ! ನಾ ಹೇಳ್ಲಿಲ್ಲೇನು! ಮುಗೀತು ಹಂಗಾರ. ಸೈಕಲ್ ಮಾರೂದ" ಎಂದಳು. ಮುಂದೆ ಅಳಿಯ ತಿರುವಿನಿಂದ ತಿರುವಿಗೆ ಇಳಿಯುತ್ತಿದ್ದರು. ಪ್ರತಿ ತಿರುವಿನ ಮೊದಲು ವೇಗ ತಗ್ಗಿಸುವುದು, ಒಳಬದಿಗೆ ಬಾಗುವುದು, ಮತ್ತೆ ನೆಟ್ಟಗಾಗುವುದು. ಒಂದು ಕಡೆ ಗಾಳಿ ಅಡ್ಡ ಬಡಿದು ಸೈಕಲ್ಲು ಒಂದು ಮೊಳ ಸರಿಯಿತು. ನಾನು ಇಲ್ಲದ ಬ್ರೇಕನ್ನು ಎರಡೂ ಕಾಲಿನಿಂದ ತುಳಿದೆ. ನಾವಿಬ್ಬರೂ ಉಸಿರು ಬಿಟ್ಟದ್ದು ಬುಡ ಮುಟ್ಟಿದ ಮೇಲೆಯೇ.

ಗುಡ್ಡದ ಬುಡದಲ್ಲಿ ಬಿಸಿನೀರಿನ ಬುಗ್ಗೆ ಇದೆ, ಸುತ್ತ ಹುಲ್ಲು ಬೆಳೆಸಿದ್ದಾರೆ. ಅಲ್ಲಿ ಚಾಪೆ ಹಾಸಿ ನಾನು ಮಾಡಿ ತಂದಿದ್ದ ಮಂಡಕ್ಕಿ, ಮಿರ್ಚಿ ಬಿಚ್ಚಿದೆ. ಯಾರೂ ಕೈ ಹಾಕಲಿಲ್ಲ. ಅಳಿಯ ತಲೆ ತಗ್ಗಿಸಿ ಕುಳಿತು, "ತಪ್ಪ ನಂದ ಶೋಭಾ. ಮರ್ತೆ. ಅತ್ತಿಯವರಿಗೆ ಕೇಳು, ಏನಂತಾರ. ಅವರಂದಂಗ ಆಗ್ಲಿ" ಎಂದರು. ಶೋಭಾ ನನ್ನ ಕಡೆ ತಿರುಗಿದಳು. ಉತ್ತರ ಆಗಲೇ ಕೈಗೆ ಬಂದವರ ಮುಖ ಆಕೆಯದು.

"ಹೋಗ್ಲಿ ಅಂತ ಹೇಳು" ಅಂದೆ.

"ಏನಂದಿ?"

"ಕಿವಿ ಕೇಳೂದಿಲ್ಲೇನ? ಹೋಗ್ಲಿ."

"ಯವ್ವಾ, ಈಗರ ಸಾಯಾಕ ಹೋಗಿದ್ರು ಅಂತ ನೀನ ಹೇಳಿದ್ಯಲ್ಲ!"

"ಚಿಲಕ ಯಾರ ಮರಿಯೂದಿಲ್ಲ? ನೀ ಗ್ಯಾಸ್ ಹಚ್ಚಿಟ್ಟು ಡ್ಯೂಟಿಗೆ ಹೋಗಿದ್ದಿ, ನಿನ್ನ ಆಸ್ಪತ್ರಿ ಬಿಡಿಸಿದೆನು? ನಾ ನೋಡಿದ್ದು ಬ್ಯಾರೆ. ಹಿಂದಿಂದ ಒಬ್ಬರು ಕರದ್ರು, ಯಾರು, ಏನು, ಯಾಕ ಅಂತ ಕೇಳ್ಲಿಲ್ಲ, ನಿಂತ್ರು. ಅಷ್ಟು ಸಾಕು ನನಗ. ಹಿಂದ ಬರೋರ ದನಿ ಕೇಳಿ ನಿಲ್ಲೂ ಗಂಡಸರು ಎಷ್ಟ ಮಂದಿ ಅದಾರ? ನಿಮ್ಮಪ್ಪ ಹುಟ್ಟಿದಾಗಿಂದ ಒಮ್ಮೆರ ತಿರುಗಿ ನೋಡಿದಾರೇನು? ಗದಗಿನ ಸಂತ್ಯಾಗ ನನ್ನ ಬಿಟ್ಟು ಹೋಗಿ ಉಂಡು ಮಲಗಿದ್ರು."

ಶೋಭಾ ಅಷ್ಟಕ್ಕೇ ಬಿಡಲಿಲ್ಲ.

"ನೀ ಅಪ್ಪನ್ನ ಎಂದ ಕರದಿದ್ದಿಬೇ?"

ಈ ಮಾತು ನಲವತ್ತು ವರ್ಷದಲ್ಲಿ ನನಗೇ ಹೊಳೆದಿರಲಿಲ್ಲ. ಕರೆದಿದ್ದರೆ ನಿಲ್ಲುತ್ತಿದ್ದರೋ ಏನೋ. ಯಾರು ಬಲ್ಲರು. ಅಷ್ಟು ದೊಡ್ಡ ಸಂತೆಯಲ್ಲಿ ಒಂದು ಹೆಸರು ನುಂಗಿ, ಸಿಡುಬಿನ ಕಲೆಯವನ ಹಿಂದೆ ಓಡಿದವಳು ನಾನು. ಬೈದುಕೊಂಡದ್ದು ಮಾತ್ರ ಅವರನ್ನು. ಒಂದು ಮಿರ್ಚಿ ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿದ್ದರೆ ಉತ್ತರ ಕೇಳುವವರು ಕಡಿಮೆ.

"ಅಲ್ಲಿ ಹಿಮದಾಗ ಇವರನ್ನ ಯಾರ ಕೂಗ್ತಾರ? ನೀ ಹೋಗ್ತೀಯೇನು?" ಎಂದು ಶೋಭಾ ಕೊನೆಯ ಬಾಣ ಬಿಟ್ಟಳು. ಅದಕ್ಕೆ ಅಳಿಯನೇ, "ವಾಲ್ಟರ್‌ಗ ಹೇಳ್ತೀನಿ. ಪ್ರತಿ ಇಳಿಜಾರಿನ ಮುಂದ ನನ್ನ ಗಾಲಿ ಅಂವ ನೋಡಬೇಕು, ಅವನದು ನಾ ನೋಡಬೇಕು. ನೋಡದ ಇಳಿಯಂಗಿಲ್ಲ" ಅಂದರು. ಶೋಭಾ ಬಹಳ ಹೊತ್ತು ಹುಲ್ಲು ಕಿತ್ತಳು. ಆಮೇಲೆ ಮಿರ್ಚಿಗೆ ಕೈ ಹಾಕಿದಳು. ನಮ್ಮ ಮನೆಯಲ್ಲಿ ಒಪ್ಪಿಗೆ ಅಂದರೆ ಅದೇ. ಸಂಜೆ ಮನೆ ಮುಟ್ಟುವವರೆಗೆ ಅಳಿಯ ಗಾಡಿ ನಡೆಸುತ್ತ ಕನ್ನಡಿಯಲ್ಲಿ ನನ್ನನ್ನು ನೋಡುವುದು, ಏನೋ ಹೇಳಲು ಗಂಟಲು ಸರಿಮಾಡಿಕೊಳ್ಳುವುದು, ಮತ್ತೆ ರಸ್ತೆ ನೋಡುವುದು ನಡೆದೇ ಇತ್ತು. ನಾನು ಕಿಟಕಿಯ ಹೊರಗೆ ಮರಳು ನೋಡಿದೆ.

ಮರುದಿನ ಬೆಳಿಗ್ಗೆ ಎದ್ದವಳೇ ಅಂಗಳಕ್ಕೆ ಹೋಗಿ ಸೈಕಲ್ಲಿನ ಎರಡೂ ಗಾಲಿಯ ಚಿಲಕ ಒತ್ತಿ ನೋಡಿದೆ. ಬಿಗಿಯಾಗಿದ್ದವು. ಒಳಗೆ ಬಂದು ಚಹಾ ಕುದಿಸಿದೆ. ಶೋಭಾ ಡ್ಯೂಟಿಗೆ ಹೋಗಿದ್ದಳು, ಪಿಂಕಿ ಬರುವುದು ಮಧ್ಯಾಹ್ನ. ಅಳಿಯ ಎದ್ದು ಬಂದು ಹಾಲ್‌ನಲ್ಲಿ ಕುಳಿತರು. ಇಡೀ ಗುಡ್ಡಕ್ಕೆ ಕೇಳುವಂತೆ ಹೆಸರು ಹಿಡಿದು, ಅದೂ ಏಕವಚನದಲ್ಲಿ ಕೂಗಿದ ಮೇಲೆ ಇನ್ನು ಮುಚ್ಚುಮರೆ ಏನುಳಿಯಿತು, ನೆಟ್ಟಗೆ ಹೋಗಿ 'ಚಹಾ ತಗೋರಿ' ಅಂದುಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿ, ಕಪ್ಪು ಹಿಡಿದು ಎರಡು ಹೆಜ್ಜೆ ಹೋದೆ. ಅಳಿಯ ತಲೆ ಎತ್ತಿದರು. ಸೆರಗು ತಾನಾಗಿ ಮುಂದೆ ಬಂತು, ಕಾಲು ತಾನಾಗಿ ಹಿಂದೆ ಸರಿಯಿತು. ಫ್ರಿಜ್ಜಿನ ಮರೆಗೆ ಸೇರಿಕೊಂಡು, ಬೇರೆ ಯಾರೂ ಇಲ್ಲದ್ದರಿಂದ ಫ್ರಿಜ್ಜಿಗೇ ಹೇಳಿದೆ: "ಚಹಾ ಆಗೇತಿ ಅಂತ ಹೇಳು."

ಹಾಲ್‌ನಲ್ಲಿ ಕುಳಿತಲ್ಲಿಂದಲೇ ಅಳಿಯ ಗಂಟಲು ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ, "ಫ್ರಿಜ್ಜಪ್ಪಾ, ಅತ್ತಿಯವರಿಗೆ ಹೇಳು, ಸಕ್ರಿ ಕಡಿಮಿ ಹಾಕ್ಲಿ ಅಂತ" ಎಂದರು.

ಸಕ್ಕರೆ ಆಗಲೇ ಬಿದ್ದಿತ್ತು. "ಹಾಕಿ ಆಗೇತಿ, ಇವತ್ತೊಂದ ದಿನ ಸುಮ್ಮನ ಕುಡೀಲಿ ಅಂತ ಹೇಳು" ಎಂದು ಫ್ರಿಜ್ಜಿಗೆ ಹೇಳಿ, ಕಪ್ಪನ್ನು ಅಡಿಗೆ ಕಟ್ಟೆಯ ತುದಿಗೆ, ಅಳಿಯನ ಕೈಗೆ ಎಟಕುವಷ್ಟು ದೂರ ನೂಕಿದೆ.